ಪ್ಯಾನೆಲ್ ಹೋಗಿದೆ ಎಂದ ದಿನ

ಕೊಟ್ಟೂರಿನ ನನ್ನ ಅಂಗಡಿಯಲ್ಲಿ ಒಂದು ನಿಯಮವಿದೆ. ಟಿವಿ ತಂದವರು ಎದುರಿಗೆ ಕೂತಿದ್ದರೆ ಮಾತ್ರ ನಾನು ಅದರ ಬೆನ್ನು ಬಿಚ್ಚುತ್ತೇನೆ. "ಸಂತಿ ಮುಗಿಸ್ಕಂಡು ಬರ್ತೀನಿ, ನೀವು ಬಿಚ್ಚಿ ನೋಡಿರ್ರಿ" ಎನ್ನುವವರಿಗೆ, ಸಂತೆ ಮುಗಿಸಿಕೊಂಡೇ ಬನ್ನಿ, ಆಮೇಲೆ ಬಿಚ್ಚೋಣ ಎನ್ನುತ್ತೇನೆ. ಕೆಲವರು ಸಿಡುಕುತ್ತಾರೆ. ನಾನೂ ಸಿಡುಕುತ್ತೇನೆ, ಆ ಗುಣ ನನಗೆ ಹುಟ್ಟಿನಿಂದಲೇ ಬಂದದ್ದು. ಈ ನಿಯಮ ಕಲಿಸಿದವರು ಉಜ್ಜಿನಿ ಕಡೆಯ ಹಳ್ಳಿಯೊಂದರ ಅತ್ತೆ ಮತ್ತು ಸೊಸೆ. ಕುರಿ ಸಾಕುವ ಮನೆತನ. ಇಬ್ಬರಿಗೂ ಸ್ಕ್ರೂ ಡ್ರೈವರ್ ಹಿಡಿಯಲು ಬರುವುದಿಲ್ಲ. ಆದರೂ ನಾನು ಉಣ್ಣುವ ಅನ್ನದಲ್ಲಿ ಅವರ ಋಣವಿದೆ. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನಾಚಿಕೆಪಡಬೇಕಾದದ್ದು ಬೇರೆಯೇ ಇದೆ.

ಡಬ್ಬದಂಥ ಟಿವಿಗಳ ಕಾಲ ಮುಗಿದ ಮೇಲೆ ನಾನು ಗೋಡೆಗೆ ತೂಗುಹಾಕುವ ತೆಳು ಟಿವಿಗಳಿಗೆ ಇಳಿದೆ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ತಿರುಗಿ ಕೆಟ್ಟವನ್ನು ಅಗ್ಗಕ್ಕೆ ಕೊಳ್ಳುವುದು, ಸರಿಮಾಡಿ ಮಾರುವುದು. ಇದರಲ್ಲಿ ಲಾಭವಿದೆ, ಇಲ್ಲವೆಂದರೆ ದೇವರು ಮೆಚ್ಚುವುದಿಲ್ಲ. ಈ ಟಿವಿಗಳಲ್ಲಿ ಪ್ಯಾನೆಲ್ ಎಂದರೆ ಚಿತ್ರ ಮೂಡುವ ಗಾಜು. ಉಳಿದದ್ದು ಏನು ಕೆಟ್ಟರೂ ಒಂದು ದಾರಿ ಇದೆ. ಪ್ಯಾನೆಲ್ ಹೋದರೆ ಮಾತ್ರ ಹೊಸ ಟಿವಿ ಕೊಳ್ಳುವುದೇ ವಾಸಿ. ಹಾಗಾಗಿ "ಪ್ಯಾನೆಲ್ ಹೋಗೇತಿ" ಎಂದು ನಾವು ಅಂದರೆ ಜನ ಮರುಮಾತಾಡುವುದಿಲ್ಲ. ಕೊಟ್ಟಷ್ಟು ಇಸಿದುಕೊಂಡು ಟಿವಿ ಬಿಟ್ಟು ಹೋಗುತ್ತಾರೆ. ಒಂದು ಕಾಲಕ್ಕೆ ಆ ಮಾತು ನನ್ನ ಬಾಯಿಗೆ ಎಷ್ಟು ಸಲೀಸಾಗಿ ಬರುತ್ತಿತ್ತು ಎಂದು ನೆನೆದರೆ ಈಗ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

ನಮ್ಮ ಕಡೆ ಅಮಾವಾಸ್ಯೆಗೆ ಮನೆಯ ಸಾಮಾನಿಗೂ ಪೂಜೆ. ಬೈಕು, ಪಂಪ್‌ಸೆಟ್ಟು, ಹೊಲಿಗೆ ಮಿಷನ್ನಿನ ಸಾಲಿನಲ್ಲಿ ಈಗ ಟಿವಿಯೂ ಸೇರಿದೆ. ಪೂಜೆಗೆ ಮುಂಚೆ ಒದ್ದೆ ಬಟ್ಟೆಯಿಂದ ಮೈ ಒರೆಸಬೇಕಲ್ಲ! ಹಳೆಯ ಡಬ್ಬ ಅದನ್ನೆಲ್ಲ ತಡೆದುಕೊಳ್ಳುತ್ತಿತ್ತು. ತೆಳು ಟಿವಿಯಲ್ಲಿ ನೀರು ಗಾಜಿನ ಮೇಲಿಂದ ಇಳಿದು ಕೆಳಗಿನ ಅಂಚಿನೊಳಗೆ ಹೊಗುತ್ತದೆ. ಚಿತ್ರಕ್ಕೆ ಕರೆಂಟು ಒಯ್ಯುವ ತೆಳ್ಳನೆಯ ಪಟ್ಟಿಗಳು ಇರುವುದು ಅಲ್ಲೇ. ಮರುದಿನ ಪರದೆ ತುಂಬ ಗೆರೆ. ಅಮಾವಾಸ್ಯೆಯಿಂದ ಪೂಜಾರಿಗೆ ಎಷ್ಟು ಸಿಗುತ್ತದೋ ಕಾಣೆ, ನನಗಂತೂ ಮರುದಿನ ಸುಗ್ಗಿ.

ಅಂಥ ಒಂದು ಮರುದಿನ ಆ ಸೊಸೆ ಬಂದಳು. ಟಿವಿಯನ್ನು ಕೌದಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೇ ತಂದಿದ್ದಳು. ಅದರ ಚೌಕಟ್ಟಿಗೆಲ್ಲ ಪೂಜೆಯ ಭಂಡಾರ, ಅಂದರೆ ಅರಿಶಿನದ ಪುಡಿ, ಮೆತ್ತಿ ಹಳದಿಯಾಗಿತ್ತು.

"ಒರಸಿ ಭಂಡಾರ ಹಚ್ಚಿದ್ನಿರಿ ಅಣ್ಣಾರ, ಅಷ್ಟ. ಹಿಂಗ ಗೆರಿ ಗೆರಿ ಬರಾಕತ್ಯಾವ. ನಮ್ಮತ್ತಿ ಎರಡು ಟಗರು ಮಾರಿ ತಂದಿದ್ರು. ಹೆಂಗರ ಮಾಡಿ ಸರಿ ಮಾಡಿಕೊಡ್ರಿ."

ಟಿವಿ ಹಚ್ಚಿ ನೋಡಿದೆ. ನೀರು ಹೊಕ್ಕಿದೆ, ಒಣಗಿಸಿದರೆ ಬದುಕುತ್ತದೆ ಎಂದು ನೋಡಿದ ಕೂಡಲೇ ತಿಳಿಯಿತು. ಬಾಯಿ ಮಾತ್ರ ಬೇರೆಯದನ್ನೇ ಹೇಳಿತು.

"ಪ್ಯಾನೆಲ್ ಹೋಗೇತಿ ತಂಗಿ. ನೀರು ಹಾಕಿ ಕೆಡಿಸೀರಿ."

ಮೊದಲನೆಯದು ದಂಧೆಯ ಸುಳ್ಳು. ಎರಡನೆಯದು ಅವಳು ಮತ್ತೆ ಪ್ರಶ್ನೆ ಕೇಳದಿರಲಿ ಎಂದು ನಾನೇ ಸೇರಿಸಿದ್ದು. ಅವಳ ಮುಖ ಸಣ್ಣದಾಯಿತು. ನಾನು ಕೊಟ್ಟ ದುಡ್ಡನ್ನು ಎಣಿಸಿಯೂ ನೋಡದೆ ಕೌದಿ ಮಡಚಿಕೊಂಡು ಹೋದಳು.

ಅವಳು ಹೋದ ಮೇಲೆ ಬೆನ್ನು ಬಿಚ್ಚಿದೆ. ಹೇರ್ ಡ್ರೈಯರ್ ಹಿಡಿದು ಒಣಗಿಸಿ, ಪಟ್ಟಿಗಳನ್ನು ಸ್ಪಿರಿಟ್‌ನಿಂದ ಒರೆಸಿ, ಒಂದು ದಿನ ಹಾಗೇ ಬಿಟ್ಟೆ. ಗೆರೆಗಳು ಮಾಯವಾದವು. ಚಿತ್ರ ಅಷ್ಟು ಚೆನ್ನಾಗಿತ್ತೆಂದರೆ ಮಾರಲು ಮನಸ್ಸು ಬರಲಿಲ್ಲ. ನನ್ನ ಕೈಚಳಕ ಗಿರಾಕಿಗಳು ನೋಡಲಿ ಎಂದು ಅಂಗಡಿಯ ಗೋಡೆಗೆ ಹಾಕಿದೆ.

ಎರಡು ತಿಂಗಳು ಕಳೆದಿರಬೇಕು. ಒಂದು ಮಧ್ಯಾಹ್ನ ಸೊಸೆ ಮತ್ತೆ ಬಂದಳು. ಶೇಂಗಾ ಕೀಳುವ ಕೂಲಿಗೆ ಹೋಗಿ ಒಂದಿಷ್ಟು ದುಡ್ಡು ಕೂಡಿಸಿದ್ದಳಂತೆ, ಹಳೆಯ ಟಿವಿ ಇದ್ದರೆ ಬೇಕಂತೆ. ಹಾಗೆನ್ನುತ್ತಲೇ ಗೋಡೆ ನೋಡಿದಳು.

"ನಮ್ದೂ ಇದರಂಗ ಇತ್ತು ನೋಡ್ರಿ."

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರಲ್ಲ, ಹಾಗೆ. ಆದರೆ ಇಲ್ಲಿ ಕೂಸನ್ನು ಕದ್ದವನು ಎದುರಿಗೇ ಕೂತಿದ್ದ. ಮಾತು ತಿರುಗಿಸಲು, ಮನೆಯಲ್ಲಿ ಎಲ್ಲ ಆರಾಮವೇ ಎಂದು ಕೇಳಿದೆ.

"ಬೈದಿದ್ರ ತಡಕಂತಿದ್ದೆ ಅಣ್ಣಾರ. ನಮ್ಮತ್ತಿ ಮಾತಾಡೋದ ಬಿಟ್ಟಾರ. ನೀರು ಹಾಕಿ ಕೆಡಿಸಿದಿ ಅಂತ ಒಂದ ಮಾತು ಅಂದ್ರು. ಅವತ್ತಿನಿಂದ ನನ್ನ ಮುಖ ನೋಡಿ ಒಂದು ಮಾತಿಲ್ಲ. ಟಿವಿ ಒಯ್ದು ಹಚ್ಚಿದ್ರ ಮನಸು ತಿರುಗತೈತೇನ ಅಂತ. ಕೆಟ್ಟಿದ್ದನ್ನ ನೀವರ ತಗಂಡ್ರಿ, ನಿಮಗ ಪುಣ್ಯ ಬರ್ಲಿ."

ನಾನಾಡಿದ ಮಾತೇ ಅವಳ ಜೊತೆ ಬಸ್ಸು ಹತ್ತಿ, ಮನೆಗೆ ಹೋಗಿ, ಅತ್ತೆಯ ಬಾಯಲ್ಲಿ ಕೂತಿತ್ತು. ಅದರ ಮೇಲೆ ನನಗೆ ಪುಣ್ಯ ಬೇರೆ! ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಸುಮ್ಮನ ಕುಂದ್ರವ್ವಾ ಒಂದೀಟು" ಎಂದು ಗದರಿಸಿಯೇಬಿಟ್ಟೆ. ಅವಳು ಬೆದರಿ ಸ್ಟೂಲಿನ ಮೇಲೆ ಕೂತಳು. ಗೋಡೆಯ ಟಿವಿ ಇಳಿಸಿ, ಬೆನ್ನು ಬಿಚ್ಚಿ, ಸ್ಕ್ರೂ ಕುಣಿಗಳಲ್ಲಿ ಉಳಿದಿದ್ದ ಹಳದಿ ಭಂಡಾರ ತೋರಿಸಿದೆ. "ಇದು ನಿಮ್ದ ಟಿವಿ. ಪ್ಯಾನೆಲ್ ಹೋಗಿರಲಿಲ್ಲ. ನಾ ಸುಳ್ಳು ಹೇಳಿದ್ದೆ. ತಗಂಡು ಹೋಗು, ಏನೂ ಕೊಡಬ್ಯಾಡ."

ಕೂಗಾಡುತ್ತಾಳೆ, ಪೇಟೆಯವರನ್ನೆಲ್ಲ ಕೂಡಿಸುತ್ತಾಳೆ ಎಂದುಕೊಂಡಿದ್ದೆ. ಅವಳು ಆ ಭಂಡಾರವನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ನನಗ ಹೇಳಿದ್ರ ಏನಾತು ಅಣ್ಣಾರ? ನಮ್ಮತ್ತಿ ಮುಂದ ಬಂದು ಹೇಳ್ರಿ."

ಟಿವಿ ಕೊಟ್ಟು ಕೈ ತೊಳೆದುಕೊಳ್ಳುವುದು ಸುಲಭವಿತ್ತು. ಹಳ್ಳಿಗೆ ಹೋಗಿ ಬಾಯಿಬಿಟ್ಟರೆ ಸಂತೆಯಿಂದ ಸಂತೆಗೆ ಸುದ್ದಿ ಹೋಗಿ, ಹಗರಿಬೊಮ್ಮನಹಳ್ಳಿಯವರೆಗೆ ನನ್ನ ಹೆಸರು ಕೆಡುತ್ತಿತ್ತು. ಹೆದರಿದೆ, ನಿಜ. ಆದರೆ ಆ ಮನೆಯಲ್ಲಿ ಎರಡು ತಿಂಗಳಿಂದ ಮುಚ್ಚಿದ ಬಾಯಿಯನ್ನು ತೆರೆಸಲು ಬೇರೆ ಯಾರಿಂದಲೂ ಆಗುತ್ತಿರಲಿಲ್ಲ. ಶಟರ್ ಎಳೆದು, ಆಟೋದಲ್ಲಿ ಟಿವಿ ಇಟ್ಟುಕೊಂಡು ಅವಳ ಜೊತೆ ಹೊರಟೆ.

ಅತ್ತೆ ಅಂಗಳದ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದರು. ಅಕ್ಕಪಕ್ಕದವರೂ ಬಂದು ನಿಂತರು. ನಿಂತಲ್ಲೇ ಹೇಳಿದೆ: "ನಿಮ್ಮ ಸೊಸಿ ಏನೂ ಕೆಡಿಸಿಲ್ರಿ ಯವ್ವಾ. ಒಣಗಿಸಿದ್ರ ಸರಿ ಆಗ್ತಿತ್ತು. ನಾನ ಸುಳ್ಳು ಹೇಳಿ ಇಟಗಂಡಿದ್ದೆ."

ಕೈಲಿದ್ದ ಮೊರ ಕೆಳಗಿಟ್ಟು ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಹೊಟ್ಟಿಗೆ ಏನ್ ತಿಂತಿಯೋ ತಮ್ಮಾ? ನಾವು ಕುರಿ ಮಾರಾಗ ಕುಂಟ ಇದ್ರ ಕುಂಟ ಅಂತ ಹೇಳಿ ಮಾರ್ತೀವಿ. ತಗಳಾರ ಎದುರಿಗೆ ನಡಿಸಿ, ಬಾಯಿ ತೆಗೆದು ಹಲ್ಲು ತೋರಿಸಿ ಕೊಡ್ತೀವಿ. ನೀ ಯಾರೂ ಇಲ್ದಾಗ ಬಿಚ್ಚತಿ. ಅದಕ್ಕ ನಿನಗೀ ಬುದ್ಧಿ. ಎದುರಿಗೆ ಬಿಚ್ಚೋದು ಕಲಿ."

ತಲೆ ತಗ್ಗಿಸಿ ಕೇಳಿದೆ. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುವುದು ನನ್ನಂಥವರಿಗೇ ಇರಬೇಕು. ನಾನು ಹೆದರಿದಂತೆ ಹೆಸರು ಕೆಡಲಿಲ್ಲ. 'ತಾನ ಬಂದು ಒಪ್ಪಿಕಂಡಾನ' ಎಂದು ಆಕೆಯೇ ಊರಲ್ಲಿ ಹೇಳಿದರಂತೆ. ಅಲ್ಲಿಂದೀಚೆಗೆ ಆ ಹಳ್ಳಿಯ ಟಿವಿಗಳೆಲ್ಲ ನನ್ನ ಅಂಗಡಿಗೇ ಬರುತ್ತವೆ. ಇದು ನನ್ನ ಯೋಗ್ಯತೆಗೆ ಮೀರಿದ್ದು.

ಅಂದು ಟಿವಿಯನ್ನು ಗೋಡೆಗೆ ಹಾಕಿ, ಚಿತ್ರ ತೋರಿಸಿ, ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದೆ.

"ಎಲ್ಲಿಗೆ? ಹೊತ್ತಾಗೇತಿ. ಉಂಡು ಹೋಗು" ಎಂದರು ಅತ್ತೆ.

ಬೇಡವೆನ್ನಲು ನನಗೆ ಮುಖವಿರಲಿಲ್ಲ, ಕೂತೆ. ಸೊಸೆ ಬಡಿಸಲು ಬಂದಳು. ಅತ್ತೆ ಅವಳ ಕೈಯಿಂದ ರೊಟ್ಟಿಯ ಬುಟ್ಟಿ ಇಸಿದುಕೊಂಡರು. "ನೀನೂ ಕುಂದ್ರವ್ವ" ಎಂದರು. ಎರಡು ತಿಂಗಳಲ್ಲಿ ಅವಳಿಗೆ ಆಡಿದ ಮೊದಲ ಮಾತು ಅದು. ನಮ್ಮ ಕಡೆ ಮೊದಲ ರೊಟ್ಟಿ ಯಾವಾಗಲೂ ಮನೆಗೆ ಬಂದವರಿಗೆ. ನಾನು ತಟ್ಟೆಯನ್ನು ಮುಂದಕ್ಕೆ ಸರಿಸಿದೆ. ಅತ್ತೆ ನನ್ನನ್ನು ದಾಟಿ ಹೋಗಿ ಆ ರೊಟ್ಟಿಯನ್ನು ಸೊಸೆಯ ತಟ್ಟೆಗೆ ಹಾಕಿದರು.