ಬರಿಗಾಲಿನ ಪರೀಕ್ಷೆ

ನಂಬದಿದ್ದರೆ ಬಿಡಿ, ಬರಿಗಾಲಲ್ಲಿ ನನ್ನಂತೆ ಫುಟ್‌ಬಾಲ್ ಆಡುವವನು ಕುಂಸಿ ಸುತ್ತಮುತ್ತ ಇನ್ನೊಬ್ಬನಿರಲಿಲ್ಲ. ಕಾರ್ಖಾನೆಯ ತಂಡಕ್ಕೆ ಸೇರಿದರೆ ಅಲ್ಲೇ ನೌಕರಿಯೂ ಸಿಗುತ್ತದೆಂದು ಭದ್ರಾವತಿಗೆ ಹೋದೆ. ಅಲ್ಲಿ ಆಟಗಾರರನ್ನು ಆರಿಸುತ್ತಿದ್ದವನು ಜರ್ಮನಿಯಿಂದ ಬಂದ ಕೋಚು. ಹಿಂದೆ ಅವನೂ ದೊಡ್ಡ ಆಟಗಾರನಾಗಿದ್ದನಂತೆ. ಅವನು ಅಡಿಯಲ್ಲಿ ಮೊಳೆ ಹೊಡೆದ ತನ್ನ ಬೂಟುಗಾಲನ್ನು ನನ್ನ ಕಾಲ್ಬೆರಳುಗಳ ಮೇಲಿಟ್ಟು ಮೆಲ್ಲಗೆ ಒತ್ತತೊಡಗಿದ.

"ನೋವಾದ್ರೆ ಹೇಳ್ಬೇಕಂತೆ ಮಾರಾಯ," ಎಂದರು ಅವನ ಮಾತನ್ನು ಕನ್ನಡದಲ್ಲಿ ತಿಳಿಸುತ್ತಿದ್ದ ಡ್ರೈವರ್ ಬಾಷಾ ಸಾಬರು.

"ನಮ್ಮೆತ್ತು ತುಳಿದಾಗ್ಲೂ ಹೇಳಿಲ್ಲ, ಸಾಬ್ರೇ!"

ಬಾಯಲ್ಲಿ ಹಾಗಂದರೂ ಮನಸ್ಸು ಲೆಕ್ಕ ಹಾಕುತ್ತಿತ್ತು: ಬೆರಳು ಮುರಿದರೆ ಆಟವೂ ಹೋಯಿತು, ನೌಕರಿಯೂ ಹೋಯಿತು. ಬೂಟು ಇನ್ನಷ್ಟು ಒತ್ತಿತು. "ಅಯ್ಯಯ್ಯೋ, ಸಾಕು!" ಎಂದು ಕಿರುಚಿಬಿಟ್ಟೆ.

ಕೋಚು ಕಾಲು ತೆಗೆದು ತನ್ನ ಬೂಟು ಬಿಚ್ಚಿದ. ಪಾದದಲ್ಲಿ ಎರಡು ಬೆರಳಿರಲಿಲ್ಲ.

"ಚಿಕ್ಕಂದಿನಲ್ಲಿ ಇವ್ರೂ ಬರಿಗಾಲಲ್ಲೇ ಆಡ್ತಿದ್ರಂತೆ, ಯಾರದೋ ಬೂಟು ತುಳಿದು ಬೆರಳು ಹೋದ್ವಂತೆ. ಬೂಟಲ್ಲಿ ಓಡೋದು ಕಲಿತು ಬಾ ಅಂತಿದಾರೆ," ಎಂದರು ಸಾಬರು.

ಅವತ್ತು ನನಗೆ ನೌಕರಿ ಸಿಗಲಿಲ್ಲ. ಸಿಕ್ಕಿದ್ದು ಕೋಚಿನ ಹಳೆಯ ಬೂಟು, ನನ್ನ ಕಾಲಿಗಿಂತ ಎರಡು ಬೆರಳು ದೊಡ್ಡದು.