ಟೈರು ಬಡಿದ ಸದ್ದು

ದೆವ್ವ ಭೂತ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ನ್ಯೂಯಾರ್ಕ್ ಹತ್ತಿರದ ಹಿಕ್ಸ್‌ವಿಲ್‌ನಲ್ಲಿ ಗೆಳೆಯರ ಮನೆಯಲ್ಲಿ ಊಟವಾದ ಮೇಲೆ ಯಾರಾದರೂ ಇಂಥ ಕಥೆ ತೆಗೆದರೆ, ಮೊದಲು ಒಳ್ಳೆಯ ಡಾಕ್ಟರಿಗೆ ತೋರಿಸಿಕೊಳ್ಳಿ ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈಗ ಯಾರ ಬಾಯಿಯನ್ನೂ ಮುಚ್ಚಿಸುವುದಿಲ್ಲ. ಹಾಗೆಂದು ನನ್ನ ಮಾತನ್ನು ನಂಬಿ ಎಂದು ನಿಮಗೆ ದುಂಬಾಲು ಬೀಳುವುದೂ ಇಲ್ಲ. ನಡೆದದ್ದನ್ನು ಹೇಳುತ್ತೇನೆ, ಅಷ್ಟೆ.

ಎಪ್ಪತ್ತರ ದಶಕದ ಮಾತು. ಎಂಜಿನಿಯರ್ ಕೆಲಸ ಹೋಗಿ, ನ್ಯೂಜೆರ್ಸಿಯ ಗುಡ್ಡಗಾಡಿನ ಕಡೆ ಒಂದು ಸಣ್ಣ ಲಾರಿ ಕಂಪನಿಯಲ್ಲಿ ಮೆಕ್ಯಾನಿಕ್ ಆಗಿ ಸೇರಿದ್ದೆ. ಕಂಪನಿ ಎಂದರೆ ಹೆಲೆನ್ ಎಂಬ ವಿಧವೆ, ಅವರ ಇಬ್ಬರು ಗಂಡುಮಕ್ಕಳು, ಎರಡು ಲಾರಿ. ಹೆಲೆನ್ ಆಫೀಸು ನೋಡಿಕೊಳ್ಳುತ್ತಿದ್ದರು. ದೊಡ್ಡವನು ರಾಯ್, ಚಿಕ್ಕವನು ಡ್ಯಾನಿ, ಇಬ್ಬರೂ ಕ್ವಾರಿಯಿಂದ ಜಲ್ಲಿ ಸಾಗಿಸುತ್ತಿದ್ದರು.

ಲಾರಿ ಹೊರಡುವ ಮುಂಚೆ ಅಲ್ಲಿನ ಡ್ರೈವರ್‌ಗಳು ಒಂದು ಮರದ ದೊಣ್ಣೆ ಹಿಡಿದು ಸುತ್ತ ಬಂದು ಪ್ರತಿ ಟೈರಿಗೂ ಬಡಿಯುತ್ತಿದ್ದರು. ಗಾಳಿ ಸರಿಯಿದ್ದರೆ ಸದ್ದು ಗಟ್ಟಿ, ಇಲ್ಲದಿದ್ದರೆ ಮೊದ್ದು. ಡ್ಯಾನಿಯೂ ಉಳಿದವರೂ ಒಂದೇಟು ಹಾಕಿ ಮುಂದೆ ಹೋದರೆ ರಾಯ್ ಎರಡು ಹಾಕುತ್ತಿದ್ದ. ಒಂದು ಬಡಿದು, ಸ್ವಲ್ಪ ತಡೆದು, ಇನ್ನೊಂದು. ಶೆಡ್ಡಿನೊಳಗೆ ಕೂತೇ ಇದು ರಾಯ್ ಎಂದು ಹೇಳಬಹುದಿತ್ತು.

ಆ ಚಳಿಗಾಲ ರಾಯ್ ಮನೆಯಲ್ಲೇ ಎದೆನೋವು ಬಂದು ತೀರಿಕೊಂಡ. ಅವನ ದೊಣ್ಣೆಯನ್ನು ಡ್ಯಾನಿ ಶವಪೆಟ್ಟಿಗೆಯಲ್ಲೇ ಇಟ್ಟ. ಮಣ್ಣು ಹಾಕುವ ತನಕ ನಾನು ಅಲ್ಲೇ ನಿಂತಿದ್ದೆ. ಇನ್ನು ಹೆಲೆನ್‌ಗೆ ಉಳಿದವನು ಡ್ಯಾನಿ ಒಬ್ಬನೇ.

ಅದಾಗಿ ಕೆಲವು ವಾರಕ್ಕೆ, ರಾತ್ರಿಯಿಡೀ ಹಿಮ ಬಿದ್ದು ನಿಂತ ಒಂದು ಬೆಳಗ್ಗೆ, ಶೆಡ್ಡಿನಲ್ಲಿ ರಾಯ್‌ನ ಲಾರಿಯ ಬ್ರೇಕು ಬಿಚ್ಚಿಕೊಂಡು ಕೂತಿದ್ದೆ. ಡ್ಯಾನಿಯ ಲಾರಿ ಹಿಂದಿನ ಸಂಜೆಯೇ ಜಲ್ಲಿ ತುಂಬಿಕೊಂಡು ಬಂದು ಹೊರಗೆ ಅಂಗಳದಲ್ಲಿ ನಿಂತಿತ್ತು. ಅದರ ಟೈರು ಬಡಿಯುವ ಸದ್ದು ಕೇಳಿಸಿತು. ಒಂದು. ತಡೆದು, ಇನ್ನೊಂದು. ಸದ್ದು ಲಾರಿಯನ್ನು ಪೂರ್ತಿ ಸುತ್ತಿ ಬಂದು, ಬಲಗಡೆ ಹಿಂದಿನ ಚಕ್ರದ ಹತ್ತಿರ ನಿಂತು, ಅದೊಂದನ್ನೇ ಬಡಿಯತೊಡಗಿತು. ಕೈಯಲ್ಲಿದ್ದ ಸ್ಪ್ಯಾನರ್ ಬಿಟ್ಟು ಹೊರಗೆ ಬಂದೆ. ಸದ್ದು ನಿಂತಿತು. ಯಾರೂ ಇರಲಿಲ್ಲ. ಲಾರಿಯ ಸುತ್ತ ಹಿಮದ ಮೇಲೆ ಒಂದೇ ಒಂದು ಹೆಜ್ಜೆಗುರುತಿಲ್ಲ. ಆಫೀಸಿನ ಮೆಟ್ಟಿಲ ಮೇಲೆ ಡ್ಯಾನಿ ಕಾಫಿ ಕಪ್ಪು ಹಿಡಿದು ನಿಂತಿದ್ದ. ಮುಖ ನೋಡಿದ ಕೂಡಲೇ ಅವನಿಗೂ ಕೇಳಿಸಿದೆಯೆಂದು ಗೊತ್ತಾಯಿತು. ಹೆದರಿದೆ, ಸುಳ್ಳು ಯಾಕೆ ಹೇಳಲಿ.

ಜಾಕ್ ಕೊಟ್ಟು ಆ ಚಕ್ರ ಬಿಚ್ಚಿ ನೋಡಿದೆ. ಟೈರು, ನಟ್ಟು, ಬ್ರೇಕು, ಏನೂ ಕೆಟ್ಟಿರಲಿಲ್ಲ. ಆದರೂ ಇವತ್ತು ಹೋಗಬೇಡ ಮಾರಾಯ ಎಂದು ಡ್ಯಾನಿಯನ್ನು ಬೇಡಿಕೊಂಡೆ. ವಿಷಯ ತಿಳಿದ ಹೆಲೆನ್ ಕೋಟು ಕೂಡ ಹಾಕಿಕೊಳ್ಳದೆ ಓಡಿಬಂದು ಲಾರಿಯ ಬಾಗಿಲು ಹಿಡಿದುಕೊಂಡರು. ಡ್ಯಾನಿಯ ಕಣ್ಣಲ್ಲಿ ನೀರಿತ್ತು, ಆದರೆ ನಗುತ್ತಿದ್ದ.

"ಅಮ್ಮ, ರಾಯ್ ಬಂದು ನನ್ನ ಗಾಡಿ ಚೆಕ್ ಮಾಡಿ ಹೋಗಿದಾನೆ. ಇನ್ನೇನು ಭಯ?"

ಹೆಲೆನ್ ಅವನ ಮುಖವನ್ನೇ ನೋಡಿದರು, ಕೈ ಸಡಿಲಿಸಿದರು. ಅವನು ಹೊರಟ.

ಮಧ್ಯಾಹ್ನ ಪೊಲೀಸರು ಬಂದರು. ಇಳಿಜಾರಿನ ತಿರುವಿನಲ್ಲಿ ಲಾರಿ ಜಾರಿ ಹಳ್ಳಕ್ಕೆ ಬಿದ್ದಿತ್ತು, ಡ್ಯಾನಿ ಅಲ್ಲೇ ಸತ್ತಿದ್ದ. ರಸ್ತೆಯ ಮೇಲಿನ ಐಸ್ ಕಾರಣ ಎಂದರು. ಎಳೆದು ತಂದ ಲಾರಿಯನ್ನು ನಾನೇ ನೋಡಿದೆ. ಬಲಗಡೆಯ ಆ ಚಕ್ರಕ್ಕೆ ಏನೂ ಆಗಿರಲಿಲ್ಲ. ಮನೆಗೆ ಬಂದು ಎಲ್ಲವನ್ನೂ ಹೆಂಡತಿಗೆ ಹೇಳಿದೆ. ಅವಳು ನನ್ನ ತಟ್ಟೆಗೆ ಅನ್ನ ಬಡಿಸುವುದನ್ನೇ ಮರೆತು ಕೂತಳು.

"ರೀ, ಇದನ್ನ ಯಾರ ಹತ್ರಾನೂ ಹೇಳ್ಬೇಡಿ," ಎಂದಳು.

ಡ್ಯಾನಿಯನ್ನು ಮಣ್ಣು ಮಾಡಿದ ದಿನ ಹೆಲೆನ್ ನನ್ನನ್ನು ಪಕ್ಕಕ್ಕೆ ಕರೆದರು.

"ನೀನೂ ಕೇಳಿಸ್ಕೊಂಡೆಯಲ್ಲ. ರಾಯ್ ಅವನನ್ನ ತಡೆಯೋಕೆ ಬಂದಿದ್ನಾ, ಕರ್ಕೊಂಡು ಹೋಗೋಕೆ ಬಂದಿದ್ನಾ?"

ನಿಮ್ಮ ಒಬ್ಬ ಮಗ ಇನ್ನೊಬ್ಬನನ್ನು ಕರೆದೊಯ್ದ ಎಂದು ಹೆತ್ತವಳಿಗೆ ಹೇಗೆ ಹೇಳುವುದು? ತಡೆಯಲು ಬಂದಿದ್ದ ಎಂದೆ. ಅಷ್ಟರಿಂದ ಸಮಾಧಾನವಾದೀತು ಎಂದುಕೊಂಡೆ.

"ಹಾಗಾದ್ರೆ ನಾನು ಲಾರಿ ಬಾಗಿಲು ಬಿಡಬಾರದಿತ್ತು," ಎಂದರು.

ಆ ಸದ್ದು ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಕರೆದುಕೊಂಡು ಹೋಗಲು ಬಂದಿದ್ದ ಎಂದಿದ್ದರೆ ಆ ತಾಯಿಗೆ ಹಗುರಾಗುತ್ತಿತ್ತೇನೋ, ಅದೂ ಗೊತ್ತಿಲ್ಲ.