ಪೌಡರ್ ಹಾಕುವ ಅದ್ರಾಮಾಕ

ಅದ್ರಾಮಾಕನ ಸ್ಪ್ಯಾನರುಗಳ ನಡುವೆ ಮುಖಕ್ಕೆ ಹಾಕುವ ಪೌಡರಿನ ಡಬ್ಬಿಯೊಂದು ಯಾವಾಗಲೂ ಇರುತ್ತಿತ್ತು. ಕಬಕದ ಅವರ ಗ್ಯಾರೇಜಿಗೆ ಹೊಸದಾಗಿ ಬಂದವರು ಅದನ್ನು ನೋಡಿ ನಗುವುದಿತ್ತು. ಗ್ರೀಸು ಮೆತ್ತಿದ ಬನಿಯನ್ನಿನಲ್ಲಿ ಲಾರಿಯ ಅಡಿಗೆ ನುಸುಳುವ ಈ ಮನುಷ್ಯನಿಗೆ ಇದೆಂಥ ಶೋಕಿ ಎಂದು ನಾನೂ ಅಂದುಕೊಂಡಿದ್ದೆ.

ಕಡಬದ ಕಡೆಯಿಂದ ಪುತ್ತೂರಿಗೆ ಕೆಂಪು ಕಲ್ಲು ಸಾಗಿಸುವ ಹಳೆಯ ಲಾರಿ ನನ್ನದು. ಒಮ್ಮೆ ಲೋಡಿನ ಮೇಲಿಂದ ಬಿದ್ದು ಎಡಭುಜ ಮುರಿದ ಮೇಲೆ ಭಾರದ ಸ್ಟೇರಿಂಗ್ ಎಳೆಯುವ ಶಕ್ತಿ ನನಗಿಲ್ಲ. ಪವರ್ ಸ್ಟೇರಿಂಗ್ ಇದ್ದರೆ ನಾನು ಡ್ರೈವರ್, ಇಲ್ಲದಿದ್ದರೆ ಮನೆಯಲ್ಲಿ ಕೂರಬೇಕಾದವನು. ಹಾಗಾಗಿ ಮುಂದಿನ ಚಕ್ರದ ಬಳಿ ಎಣ್ಣೆ ತೊಟ್ಟಿಕ್ಕುವುದನ್ನು ಕಂಡ ದಿನ ಜೀವ ಬಾಯಿಗೆ ಬಂದಿತ್ತು. ದರ್ಬೆಯ ಮೆಕ್ಯಾನಿಕ್ ಒಬ್ಬರು, ಸ್ಟೇರಿಂಗಿನ ಪಂಪೇ ಹೋಗಿದೆ, ಗಾಡಿ ಮಾರಿಬಿಡು ಎಂದಿದ್ದರು.

ಅದ್ರಾಮಾಕ ಎಣ್ಣೆ ಹಿಡಿದ ಜಾಗವನ್ನೆಲ್ಲ ಒರೆಸಿ ಪೌಡರ್ ಉದುರಿಸಿದರು. ಇಂಜಿನ್ ಸ್ಟಾರ್ಟ್ ಮಾಡಿಸಿ ಸ್ಟೇರಿಂಗ್ ತಿರುಗಿಸಲು ಹೇಳಿದರು. ಬಿಳಿ ಪೌಡರಿನ ಮೇಲೆ, ಪಂಪಿನಿಂದ ಸ್ಟೇರಿಂಗಿಗೆ ಎಣ್ಣೆ ಒಯ್ಯುವ ರಬ್ಬರ್ ಹೋಸಿನ ಒಂದೇ ಕಡೆ, ಎಣ್ಣೆ ಮೂಡಿತು.

“ಪಂಪಿಗೆ ಎಂತದೂ ಆಗ್ಲಿಲ್ಲ ಮಾರಾಯ. ಹೋಸ್ ಹೋಗಿದೆ ಅಷ್ಟೆ.”

“ಮೇಲಿಂದ ಟ್ಯೂಬ್ ಸುತ್ತಿದ್ರೆ ಸಾಕಲ್ವಾ ಕಾಕ?”

“ತೋಟಕ್ಕೆ ನೀರು ಬಿಡುವ ಪೈಪಾ ಇದು? ಇಳಿಜಾರಿನಲ್ಲಿ ಒಡೆದ್ರೆ ನಿನ್ನನ್ನು ಹಿಡಿಯುವವರು ಯಾರು?”

ಸಿಟ್ಟು ಅವರಿಗೆ ಮೂಗಿನ ತುದಿಯಲ್ಲೇ. ಅವರ ಸಾಮಾನು ಯಾರೂ ಮುಟ್ಟುವಂತಿರಲಿಲ್ಲ. ಹೊಸ ಹೋಸ್ ಹಾಕಿದ ಮೇಲೆ ಸ್ಟೇರಿಂಗನ್ನು ಆ ತುದಿಯಿಂದ ಈ ತುದಿಗೆ ತಿರುಗಿಸಿ ಒಳಗಿನ ಗಾಳಿ ತೆಗೆಯಬೇಕು. ನಾನು ಗಡಿಬಿಡಿ ಮಾಡಿದ್ದಕ್ಕೆ, “ಅರ್ಜೆಂಟ್ ಇರುದು ನಿನಗೆ, ಗಾಳಿಗಲ್ಲ” ಎಂದು ಗದರಿದ್ದರು. ಅವರಿಂದ ಬೈಸಿಕೊಳ್ಳುವುದೆಂದರೆ ನನಗೆ ಒಂದು ಧೈರ್ಯ.

ಕಳೆದ ವರ್ಷ ಸ್ಟ್ರೋಕ್ ಆಗಿ ಅವರ ಬಲಗೈ ಸ್ವಾಧೀನ ತಪ್ಪಿತು. ಗ್ಯಾರೇಜು ಮುಚ್ಚಿತು. ಅವರ ಚಿಂತೆಯಷ್ಟೇ ನನ್ನ ಲಾರಿಯ ಚಿಂತೆಯೂ ನನಗಿತ್ತು. ಒಮ್ಮೆ ಲಾರಿಯಲ್ಲೇ ಅವರನ್ನು ನೋಡಲು ಹೋದಾಗ, ಇನ್ನು ಇದನ್ನು ನೋಡುವವರು ಯಾರು ಎಂದು ಅವರ ಮುಂದೆಯೇ ಬಾಯಿಬಿಟ್ಟೆ. ಕೆಲವು ದಿನ ಕಳೆದು ಫೋನ್ ಬಂತು.

“ನಿನ್ನ ಹೋಸ್ ಸೋರ್ತಾ ಉಂಟು. ಮೊನ್ನೆ ಬಂದಾಗ ನೋಡಿದ್ದೇನೆ. ಹೊಸತು ತಕೊಂಡು ಬಾ.”

ಅವರು ಹೇಳಿದ ಮೇಲೆ ಬಗ್ಗಿ ನೋಡುವ ಅಗತ್ಯ ನನಗೆ ಕಾಣಲಿಲ್ಲ. ಹೋದರೆ, ಗ್ಯಾರೇಜು ತೆರೆಸಿ ಕುರ್ಚಿ ಹಾಕಿಕೊಂಡು ಕೂತಿದ್ದಾರೆ.

“ಎಂತ ನೋಡುದು? ಸ್ಪ್ಯಾನರ್ ಹಿಡಿ.”

ಹಳೆಯದನ್ನು ಹೇಗೋ ಬಿಚ್ಚಿದೆ. ಹೊಸದರ ನಟ್ಟು ಓರೆಯಾಗಿ ಕೂತಿತು, ಸ್ಪ್ಯಾನರಿನಿಂದ ಒತ್ತಿ ತಿರುಗಿಸಿದೆ.

“ನಿಲ್ಲಿಸು! ಮೊದಲು ಬೆರಳಲ್ಲಿ ತಿರುಗಿಸು. ಬೆರಳಿಗೆ ಬಾರದ್ದಕ್ಕೆ ಜೋರು ಮಾಡುದಾ?”

ಮಧ್ಯಾಹ್ನದವರೆಗೂ ಹಾಗೆಯೇ ಬೈದರು. ಗಾಳಿ ಪೂರ್ತಿ ಹೋದ ಮೇಲೆ ಕಷ್ಟಪಟ್ಟು ಎದ್ದು, ಎಡಗೈಯಿಂದ ನಟ್ಟು ಸವರಿ ನೋಡಿ, “ಇನ್ನು ಯಾರ ಕಾಲು ಹಿಡಿಯುದೂ ಬೇಡ ನೀನು” ಎಂದರು. ಅದೇ ನಮ್ಮ ಕೊನೆಯ ಭೇಟಿ.

ಅವರು ತೀರಿಹೋದ ಮೇಲೆ ಒಂದು ದಿನ, ಅಂದು ನಾನೇ ಬಿಚ್ಚಿ ಸೀಟಿನ ಹಿಂದೆ ಹಾಕಿಟ್ಟಿದ್ದ ಆ ಹಳೆಯ ಹೋಸ್ ಕೈಗೆ ಸಿಕ್ಕಿತು. ಒರೆಸಿ, ಬಗ್ಗಿಸಿ, ಬಿಸಿಲಿಗೆ ಹಿಡಿದು ನೋಡಿದೆ. ಒಂದು ಬಿರುಕಿಲ್ಲ, ಉಬ್ಬಿಲ್ಲ. ಅದು ಸೋರುತ್ತಲೇ ಇರಲಿಲ್ಲ.